ಮೂಲೆಯ ಕಂಪ್ಯೂಟರಿನಲ್ಲಿ ನಲವತ್ತೊಂದು ಮುಖ

ಬೆಳಿಗ್ಗೆ ಆರೂಕಾಲು. ಶಾಲೆಯ ಮೂರನೇ ಮಹಡಿಯ ಕಂಪ್ಯೂಟರ್ ಕೋಣೆಯಲ್ಲಿ ಆಗಲೇ ದೀಪ ಹತ್ತಿದೆ. ಮಕ್ಕಳೆಲ್ಲ ‘ಲ್ಯಾಬ್ ಅಕ್ಕ’ ಎಂದು ಕರೆಯುವ ಸಹಾಯಕಿ ಕೈಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ತೂಗುಹಾಕಿ, ಮೂವತ್ತೆರಡು ಕಂಪ್ಯೂಟರುಗಳನ್ನು ದಾಟಿ ನೇರ ಮೂಲೆಗೆ ಹೋಗುತ್ತಾರೆ. ಅಲ್ಲಿ ಯಾವ ಮಗುವೂ ಮುಟ್ಟದ ಹಳೆಯ ಯಂತ್ರವೊಂದಿದೆ. ಇತಿಹಾಸದ ಪ್ರಾಜೆಕ್ಟಿಗೆ ಮಕ್ಕಳು ಕಟ್ಟಿರುವ ಇಪ್ಪತ್ಮೂರು ವೆಬ್‌ಸೈಟುಗಳನ್ನೂ ಅವರು ತೆರೆದು ನೋಡುವುದು ಅದರಲ್ಲೇ. ಹತ್ತು ಗಂಟೆಗೆ ಸ್ಪರ್ಧೆಯ ತೀರ್ಪುಗಾರರು ಬರಲಿದ್ದಾರೆ.

“ಮಕ್ಕಳ ಕಂಪ್ಯೂಟರ್‌ನಲ್ಲಿ ಎಲ್ಲಾ ಚೆನ್ನಾಗೇ ಕಾಣುತ್ತೆ. ಫೋಟೋನ ಸೈಟ್‌ಗೆ ಏರಿಸೋದು ಮರೆತು, ತಮ್ಮ ಯಂತ್ರದೊಳಗಿರೋ ಫೋಟೋದ ವಿಳಾಸ ಕೊಟ್ಟಿರ್ತಾರೆ. ಬೇರೆಯವರು ತೆರೆದ್ರೆ ಬರೀ ಖಾಲಿ ಚೌಕ” ಎನ್ನುತ್ತಾರೆ ಅಕ್ಕ.

ಹದಿನೇಳು ವರ್ಷದ ಹಿಂದೆ ಅವರು ಇಲ್ಲಿಗೆ ಬಂದದ್ದು ಕಸ ಗುಡಿಸುವ ಕೆಲಸಕ್ಕೆ. ಪೊರಕೆ ಹಿಡಿದು ಕೊನೆಯ ಬೆಂಚಿನ ಹಿಂದೆ ನಿಂತು ಪಾಠ ಕೇಳಿದರು, ಮಕ್ಕಳು ಬಿಸಾಡಿದ ನೋಟ್ಸನ್ನು ಮನೆಗೊಯ್ದು ಓದಿದರು. ಆಗ ನಕ್ಕವರಿದ್ದರು. ಈಗ ಪಾಸ್‌ವರ್ಡ್ ಮರೆತರೂ ಅಕ್ಕ, ಪ್ರಿಂಟರ್ ಮುನಿಸಿಕೊಂಡರೂ ಅಕ್ಕ. ದಿನಕ್ಕೆ ಐವತ್ತು ಸಲವಾದರೂ ಆ ಕೂಗು ಕೇಳುತ್ತದೆ.

ವೇದಿಕೆ ಹತ್ತುವವರು ಮಾತ್ರ ಇತಿಹಾಸದ ಮೇಷ್ಟ್ರು. ವೆಬ್‌ಸೈಟ್ ಕಟ್ಟಿಸುವ ಉಪಾಯ ಅವರದೇ, ನಿಜ. ಮೌಸ್ ಹಿಡಿದರೆ ತಡವರಿಸುತ್ತಾರೆ, ಅದೂ ನಿಜ. ಹೋದ ವರ್ಷ ಬಹುಮಾನ ಗೆದ್ದ ಸೈಟಿನ ಕೃತಜ್ಞತೆಯ ಪುಟದಲ್ಲಿ ಹದಿನಾಲ್ಕು ಹೆಸರುಗಳಿದ್ದವು.

“ಜೆರಾಕ್ಸ್ ಅಂಗಡಿಯವನ ಹೆಸರೂ ಇತ್ತು. ನನ್ನದಿರಲಿಲ್ಲ. ಹೊಟ್ಟೆ ಉರೀತು. ಸುಳ್ಳು ಯಾಕೆ ಹೇಳ್ಲಿ? ಈಗ್ಲೂ ಉರಿಯುತ್ತೆ.”

ಅಕ್ಕನ ಯಜಮಾನರು ದರ್ಜಿ. “ಇವಳು ಪಾತ್ರೆ ಕುಕ್ಕೋ ಸದ್ದು ಕೇಳಿದ್ರೆ ಸಾಕು, ಮೇಷ್ಟ್ರಿಗೆ ಇನ್ನೊಂದು ಬಹುಮಾನ ಬಂತು ಅಂತ ಗೊತ್ತಾಗುತ್ತೆ” ಎಂದು ನಗುತ್ತಾರೆ.

ಹತ್ತೊಂಬತ್ತನೆಯ ಸೈಟು ಮೇಷ್ಟ್ರ ಮುದ್ದಿನದು. ಊರಿನ ಮುಚ್ಚಿಹೋದ ಲಾಟೀನು ಕಾರ್ಖಾನೆಯಲ್ಲಿ ದುಡಿದ ನಲವತ್ತೊಂದು ಹೆಂಗಸರನ್ನು, ಮೂವರು ಹುಡುಗಿಯರು ಮನೆಮನೆಯ ಬಾಗಿಲು ತಟ್ಟಿ ಹುಡುಕಿ, ಒಬ್ಬೊಬ್ಬರ ಫೋಟೋ ತೆಗೆದಿದ್ದಾರೆ. ಮೇಷ್ಟ್ರು ಮೊದಲು ತೋರಿಸಲಿರುವುದು ಇದನ್ನೇ. ಅಕ್ಕ ತೆರೆದರೆ ನಲವತ್ತೊಂದೂ ಖಾಲಿ ಚೌಕ.

ಅವರು ಮೌಸಿನಿಂದ ಕೈ ತೆಗೆದು ಕುರ್ಚಿಗೆ ಒರಗುತ್ತಾರೆ.

“ಹೀಗೇ ಬಿಟ್ಟುಬಿಡ್ಲಾ ಅನ್ನಿಸ್ತಿದೆ. ಎಲ್ಲರ ಮುಂದೆ ಮೇಷ್ಟ್ರು ಬೆಪ್ಪಾಗಿ ನಿಲ್ಲೋದನ್ನ ಒಂದ್ಸಲ ಕಣ್ತುಂಬ ನೋಡ್ಬೇಕು.”

ಮೊದಲ ಚೌಕದ ಕೆಳಗೆ ಬರಹವಷ್ಟೇ ಉಳಿದಿದೆ: ಇಪ್ಪತ್ತೆರಡು ವರ್ಷ ಲಾಟೀನಿನ ಗಾಜು ಒರೆಸಿದವರು. ಅಕ್ಕ ಅದನ್ನು ಎರಡು ಸಲ ಓದುತ್ತಾರೆ. “ಈಯಮ್ಮ ಏನು ತಪ್ಪು ಮಾಡಿದ್ಲು?” ಎಂದು ಗೊಣಗಿ ಫೋನು ಎತ್ತಿಕೊಳ್ಳುತ್ತಾರೆ.

ಏಳು ಗಂಟೆಗೆ ಆ ಮೂವರಲ್ಲಿ ಒಬ್ಬಳು ತಲೆಯನ್ನೂ ಬಾಚದೆ ಓಡಿಬರುತ್ತಾಳೆ. ಅಕ್ಕ ಕೀಬೋರ್ಡ್ ಮುಟ್ಟುವುದಿಲ್ಲ. ಹಿಂದೆ ನಿಂತು ಒಂದೊಂದೇ ಫೋಟೋವನ್ನು ಅವಳ ಕೈಯಿಂದಲೇ ಸೈಟಿಗೆ ಹಾಕಿಸುತ್ತಾರೆ.

“ಅಕ್ಕಾ, ಮೇಷ್ಟ್ರಿಗೆ ಹೇಳ್ಬೇಡಿ.”

“ಹೇಳಲ್ಲ. ನೀನು ಕೆಲ್ಸ ನೋಡು.”

ಎಂಟೂವರೆಗೆ ಕೆಲಸ ಮುಗಿಯುತ್ತದೆ, ಹುಡುಗಿ ಮನೆಗೆ ಓಡುತ್ತಾಳೆ. ಅಕ್ಕ ಕೃತಜ್ಞತೆಯ ಪುಟ ತೆರೆಯುತ್ತಾರೆ. ಹನ್ನೊಂದು ಹೆಸರುಗಳಿವೆ, ಮೇಷ್ಟ್ರದ್ದು ಮೊದಲನೆಯದು. ಅಕ್ಕನದಿಲ್ಲ. ಇಪ್ಪತ್ಮೂರು ಸೈಟುಗಳ ಪಾಸ್‌ವರ್ಡೂ ಅವರ ಮೇಜಿನ ಪುಸ್ತಕದಲ್ಲಿದೆ.

“ಬರ್ಕೊಳ್ಳೋಕೆ ಎರಡು ನಿಮಿಷ ಸಾಕು. ಆದ್ರೆ ನಾನೇ ಬರ್ಕೊಂಡ್ರೆ ಏನು ಬಂತು? ಯಾವತ್ತಾದ್ರೂ ಒಂದು ಮಗು ತಾನಾಗಿ ಬರೀಲಿ. ಅಷ್ಟೇ ಆಸೆ.”

ಹತ್ತು ಗಂಟೆಗೆ ಸಭಾಂಗಣದ ದೊಡ್ಡ ಪರದೆಯ ಮೇಲೆ ಲಾಟೀನು ಕಾರ್ಖಾನೆ ತೆರೆದುಕೊಳ್ಳುತ್ತದೆ. ತೀರ್ಪುಗಾರರು ಮೇಷ್ಟ್ರ ಕೈ ಕುಲುಕುತ್ತಾರೆ, ಚಪ್ಪಾಳೆ ನಿಲ್ಲುವುದೇ ಇಲ್ಲ. ಬಾಗಿಲ ಬಳಿ ನಿಂತ ಅಕ್ಕನ ಮುಖ ಬಿಗಿಯುತ್ತದೆ. ಕಣ್ಣು ಮಾತ್ರ ಪರದೆಯ ಮೇಲಿನ ಮುಖಗಳನ್ನು ಸಾಲು ಸಾಲಾಗಿ ಎಣಿಸುತ್ತಿದೆ.

“ಉರಿಯೋದು ಉರಿಯುತ್ತೆ ಬಿಡಿ. ಆದ್ರೆ ಒಂದು ಚೌಕನೂ ಖಾಲಿ ಇಲ್ಲ, ನೋಡಿದ್ರಾ?”