ಸ್ಕ್ಯಾನರಿಗಿಂತ ಮೊದಲು ಒಂದು ಮಾತು

ಅವರ ಬಲಗೈ ಹೆಬ್ಬೆರಳು ಸೊಟ್ಟಗಿತ್ತು. ಪಶುವೈದ್ಯೆಯಾಗಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಎಮ್ಮೆಯೊಂದು ಅದನ್ನು ಕೊಟ್ಟಿಗೆಯ ಗೋಡೆಗೆ ಒತ್ತಿ ಮುರಿದಿತ್ತಂತೆ. ಮೂಳೆ ಕೂಡಿಕೊಂಡದ್ದೇ ಹಾಗೆ. ಆ ಬೆರಳನ್ನು ಮೇಲಕ್ಕೆತ್ತಿಕೊಂಡು ತೋರುಬೆರಳೊಂದರಿಂದ ಕೀಬೋರ್ಡಿನ ಮೇಲೆ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದರು. ಪಶುವೈದ್ಯರೆಲ್ಲ ಕಂಪ್ಯೂಟರ್ ಬಳಸುವಂತಾಗಬೇಕು ಎಂದು ಕಟ್ಟಿದ ಸಂಘಕ್ಕೆ ಅವರು ಕಾರ್ಯದರ್ಶಿ.

ನಾನು ಆಗ ಅಹಮದಾಬಾದಿನ ನವರಂಗಪುರದ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿಯಲ್ಲಿದ್ದೆ. ಸಂಘದ ಕೆಲಸ ನಮ್ಮ ಕಂಪನಿಗೆ ಬಂದಿತ್ತು. ಮೊದಲ ಸಭೆಯಲ್ಲಿ ನನ್ನ ಹಿಂದಿ ಕೇಳಿದವರೇ ಅವರು, "ನೀ ತುಮಕೂರು ಕಡೆಯಾಂವ ಏನು?" ಎಂದರು. ಹೌದೆಂದೆ. ಅವರದು ಧಾರವಾಡ. ಗಂಡನಿಗೆ ಬ್ಯಾಂಕಿನಿಂದ ವಡೋದರಾಕ್ಕೆ ವರ್ಗವಾದಾಗ ಬಂದವರು ಅಲ್ಲೇ ನಿಂತು, ಮಂಜಲ್‌ಪುರದಲ್ಲಿ ಸ್ವಂತ ಕ್ಲಿನಿಕ್ ನಡೆಸುತ್ತಿದ್ದರು. ಕ್ಲಿನಿಕ್ಕಿಗೆ ಬರುವ ನಾಯಿ ಬೆಕ್ಕುಗಳ ಜೊತೆ ಕನ್ನಡದಲ್ಲೇ ಮಾತು. "ಮಗಳು ಎಲ್ಲಾದಕ್ಕೂ ಗುಜರಾತಿಯೊಳಗ ಉತ್ತರಾ ಕೊಡ್ತಾಳ. ಇವು ಸುಮ್ನ ಕೇಳ್ತಾವ, ತಿರುಗಿ ಮಾತಾಡಂಗಿಲ್ಲ," ಎನ್ನುತ್ತಿದ್ದರು. ನನ್ನನ್ನು ಕರೆಯುತ್ತಿದ್ದದ್ದು 'ತಮ್ಮಾ' ಎಂದು. ನಾನು ಮಾತ್ರ ಕೊನೆಯವರೆಗೂ ಮೇಡಂ ಎಂದೇ ಕರೆದೆ.

ನಾವು ಮಾಡಬೇಕಾಗಿದ್ದ ಕೆಲಸ ಹೇಳುವಾಗ ಸರಳ. ಸಾಕುನಾಯಿಯ ಕುತ್ತಿಗೆಯ ಚರ್ಮದಡಿ ಅಕ್ಕಿಕಾಳಿನಷ್ಟು ಚಿಪ್ ಇಡುತ್ತಾರೆ. ಸ್ಕ್ಯಾನರ್ ಹಿಡಿದರೆ ಒಂದು ನಂಬರು ಬರುತ್ತದೆ. ಆದರೆ ಆ ನಂಬರು ಯಾರ ನಾಯಿಯದೆಂಬುದು ಚಿಪ್ ಇಟ್ಟ ಕ್ಲಿನಿಕ್ಕಿಗೆ ಬಿಟ್ಟರೆ ಬೇರೆಯವರಿಗೆ ಗೊತ್ತಾಗುತ್ತಿರಲಿಲ್ಲ. ಅಹಮದಾಬಾದ್, ವಡೋದರಾ, ಸೂರತ್‌ಗಳ ಸದಸ್ಯರ ಮಾಹಿತಿಯನ್ನೆಲ್ಲ ಒಂದೇ ಕಡೆ ಸೇರಿಸಬೇಕಿತ್ತು. ವೈದ್ಯರು ತಮ್ಮ ಗಿರಾಕಿಗಳ ಹೆಸರು ಬಿಟ್ಟುಕೊಡಲು ಹಿಂಜರಿದರು. ಮೇಡಂ ಒಬ್ಬೊಬ್ಬರ ಕ್ಲಿನಿಕ್ಕಿಗೂ ಹೋಗಿ ಕೂತರು. ಬೈದವರ ಮುಂದೆಯೂ ಚಹಾ ಕುಡಿದೇ ಎದ್ದು ಬರುತ್ತಿದ್ದರು. ಕೊನೆಗೆ ಎಲ್ಲರೂ ಕೊಟ್ಟರು.

ಅದಾದ ಮೇಲೆ ವಡೋದರಾದ ಮಕರ್‌ಪುರದ ಕಾರ್ಖಾನೆಗಳ ಹತ್ತಿರ ಹುಚ್ಚುನಾಯಿ ರೋಗದ ಲಸಿಕೆ ಹಾಕುವ ಶಿಬಿರ ನಡೆಯಿತು. ಬಂದ ಪ್ರತಿ ನಾಯಿಗೂ ಸ್ಕ್ಯಾನರ್ ಹಿಡಿದು ತೋರಿಸೋಣ ಎಂದು ಸಂಘದ ಅಧ್ಯಕ್ಷರು ಹೇಳಿದ್ದರು. ಲೇತ್ ಮೆಷಿನ್ ಕೆಲಸಗಾರನೊಬ್ಬ ಬಿಳಿ ಲ್ಯಾಬ್ರಡಾರ್ ಹಿಡಿದುಕೊಂಡು ಬಂದ. ಅವನು ಅದಕ್ಕಿಟ್ಟ ಹೆಸರು ಮೋತಿ. ಸ್ಕ್ಯಾನರ್ ಪೀಂ ಎಂದಿತು. ನನ್ನ ಪರದೆಯ ಮೇಲೆ ನವರಂಗಪುರದ ಒಬ್ಬ ಮಹಿಳೆಯ ಹೆಸರು, ಫೋನ್ ನಂಬರು, ಕೆಳಗೆ 'ಕಳೆದುಹೋಗಿದೆ' ಎಂಬ ಟಿಪ್ಪಣಿ ಮೂಡಿತು. ಒಂದು ಊರಿನಲ್ಲಿ ಇಟ್ಟ ಚಿಪ್ ಇನ್ನೊಂದು ಊರಿನಲ್ಲಿ ಮಾತಾಡಿದ್ದು ಅದೇ ಮೊದಲು. ವೈದ್ಯರೆಲ್ಲ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ನಾಯಿ ತಂದಾತನೂ ನಗುತ್ತಾ ಸುತ್ತ ನೋಡಿದ. "ಶುಂ ಥಯುಂ, ಬೆನ್?" ಏನಾಯಿತು ಅಕ್ಕಾ ಎಂದು ಮೇಡಂ ಅವರನ್ನೇ ಕೇಳಿದ.

ಚಪ್ಪಾಳೆ ತಟ್ಟದಿದ್ದವರು ಅವರೊಬ್ಬರೇ. ಆತನನ್ನು ಪಕ್ಕಕ್ಕೆ ಕರೆದು ಕೂರಿಸಿ, ತಾವೂ ಕೂತು ವಿಷಯ ತಿಳಿಸಿದರು. ಆತ ಮೊದಲು ಅಹಮದಾಬಾದಿನ ವಟ್ವಾದ ಬಣ್ಣದ ಕಾರ್ಖಾನೆಯಲ್ಲಿದ್ದ. ಅದರ ಗೇಟಿನ ಬಳಿ ಕಾಲು ಗಾಯವಾಗಿ ಬಿದ್ದಿದ್ದ ನಾಯಿ ಇದು. ಅಲ್ಲಿ ಕೆಲಸ ಹೋದಾಗ ಊರು ಬಿಟ್ಟು ಬಂದವನು ಇದನ್ನೂ ಜೊತೆಗೆ ತಂದಿದ್ದ. ವರ್ಷಗಳೇ ಆಗಿದ್ದವು. "ನಾನು ಕದ್ದಿಲ್ಲ, ಬೆನ್," ಎಂದ. "ಕದ್ದೆ ಅಂತ ಯಾರೂ ಹೇಳುತ್ತಿಲ್ಲ," ಎಂದರು ಮೇಡಂ.

ಅಧ್ಯಕ್ಷರು ಪತ್ರಿಕೆಯವರಿಗೆ ಫೋನ್ ಮಾಡಲು ಹೊರಟಿದ್ದರು. ಮೇಡಂ ಬೇಡವೆಂದು ತಡೆದರು. ಸುಮ್ಮನೆ ಬಿಟ್ಟುಬಿಡಬಹುದಲ್ಲ ಎಂದು ನಾನು ಮೆಲ್ಲಗೆ ಕೇಳಿದೆ. "ಹುಡುಕೋರು ಒಬ್ರು ಅದಾರ ಅಂತ ಗೊತ್ತಾದ ಮ್ಯಾಲೆ ಸುಮ್ನಿರಾಕ ಬರಂಗಿಲ್ಲ ತಮ್ಮಾ. ಆದ್ರ ಇವನ ಕೈಯಾಗಿಂದ ಕಸಗೊಂಡು ಕೊಡೂದೂ ಅಲ್ಲ. ಇವನ್ನೂ ಕರಕೊಂಡು ಹೋಗೂಣು," ಎಂದರು.

ಆ ಭಾನುವಾರ ಬಾಡಿಗೆ ಕಾರಿನಲ್ಲಿ ನಾವು ಮೂವರು ನಾಯಿಯೊಂದಿಗೆ ಅಹಮದಾಬಾದಿಗೆ ಹೋದೆವು. ಬಾಗಿಲು ತೆರೆದ ಮಹಿಳೆ ಶಾಲಾ ಶಿಕ್ಷಕಿ. ದೀಪಾವಳಿಯ ಪಟಾಕಿಗೆ ಬೆದರಿ ಓಡಿಹೋದ ನಾಯಿ. "ರಾಕಿ," ಎಂದು ಕೂಗಿದರು. ನಾಯಿ ಅವರನ್ನು ನೋಡಲಿಲ್ಲ, ಲೇತ್ ಕೆಲಸಗಾರನನ್ನೇ ನೋಡಿತು. ನನಗೆ ಒಂದು ಗಳಿಗೆ ಸಮಾಧಾನವಾಯಿತು. ಆಮೇಲೆ ಅದು ನಿಧಾನವಾಗಿ ಒಳಗೆ ಹೋಗಿ, ಹಜಾರ ದಾಟಿ, ಯಾರೂ ದಾರಿ ತೋರಿಸದೆ ಬಾಲ್ಕನಿಯ ಮೂಲೆಗೆ ಹೋಗಿ ಮಲಗಿತು. ಶಿಕ್ಷಕಿ ಅಲ್ಲೇ ನೆಲದ ಮೇಲೆ ಕುಸಿದು ಅಳತೊಡಗಿದರು.

ಶಿಕ್ಷಕಿ ಎದ್ದು ತಂದುಕೊಟ್ಟ ನೀರನ್ನು ಆತ ಕುಡಿದ. ಬಾಲ್ಕನಿಗೆ ಹೋಗಿ ನಾಯಿಯ ಸರಪಣಿ ಬಿಚ್ಚಿದ. "ಅವನಿಗೆ ಮನೆ ಗೊತ್ತಿದೆ," ಎಂದು ಹೇಳಿ ಸರಪಣಿಯನ್ನು ಜೇಬಿಗೆ ಹಾಕಿಕೊಂಡು ಹೊರಗೆ ಬಂದ.

ಶಿಬಿರದ ಕೆಲಸ ಬಾಕಿಯಿದ್ದುದರಿಂದ ನಾನೂ ಅವರ ಜೊತೆ ವಡೋದರಾಕ್ಕೆ ಹಿಂದಿರುಗಿದೆ. ದಾರಿಯಲ್ಲಿ ಅವನು ಒಂದು ಮಾತು ಕೇಳಿದ. "ಆ ಮೆಷಿನ್ ಹಿಡಿಯುವ ಮೊದಲು ನನ್ನನ್ನು ಒಂದು ಮಾತು ಕೇಳಬಹುದಿತ್ತಲ್ಲ, ಬೆನ್?"

"ಕೇಳಬೇಕಿತ್ತು, ಭಾಯಿ," ಎಂದರು ಮೇಡಂ.

ಮುಂದಿನ ಶಿಬಿರಕ್ಕೆ ಜನ ಬರಲಿಲ್ಲ. ಮೆಷಿನ್ ಹಿಡಿದು ನಾಯಿ ಕಿತ್ತುಕೊಳ್ಳುತ್ತಾರೆ ಎಂಬ ಮಾತು ಆ ಗಲ್ಲಿಗಳಲ್ಲೆಲ್ಲ ಹಬ್ಬಿತ್ತು. ತಂದ ಲಸಿಕೆ ಹಾಗೆಯೇ ವಾಪಸು ಹೋಯಿತು. ಸೂರತ್‌ನಲ್ಲಿ ಸಂಘದ ಸಭೆ ಸೇರಿದಾಗ ಮೇಡಂ ಹೊಸದೊಂದು ನಿಯಮ ಮಂಡಿಸಿದರು. ನಾಯಿಯನ್ನು ಕರೆತಂದವರಿಗೆ ಸ್ಕ್ಯಾನರ್ ಏನು ತೋರಿಸಬಹುದೆಂದು ಮೊದಲು ಹೇಳಬೇಕು, ಒಪ್ಪಿದರೆ ಮಾತ್ರ ಹಿಡಿಯಬೇಕು. ಬೇಡವೆಂದರೂ ಲಸಿಕೆ ಹಾಕಿ ಕಳಿಸಬೇಕು.

"ಹಾಗಾದರೆ ಕಳ್ಳರೆಲ್ಲ ಬೇಡವೆಂದೇ ಹೇಳುತ್ತಾರೆ," ಎಂದರು ಅಧ್ಯಕ್ಷರು.

"ಹೇಳಲಿ. ಕಳ್ಳರನ್ನು ಹಿಡಿಯುವುದು ಪೊಲೀಸರ ಕೆಲಸ. ನಮಗೆ ಹೆದರಿ ಜನ ನಾಯಿ ತರುವುದನ್ನೇ ಬಿಟ್ಟರೆ ಲಸಿಕೆಯನ್ನು ಯಾರಿಗೆ ಹಾಕುತ್ತೀರಿ? ನಾಳೆ ಆ ಗಲ್ಲಿಯ ಮಗುವನ್ನು ಹುಚ್ಚುನಾಯಿ ಕಚ್ಚಿದರೆ ನಿಮ್ಮ ಯಾವ ಕಂಪ್ಯೂಟರ್ ಕಾಪಾಡುತ್ತದೆ?"

ವಾದ ಬಿಸಿಯಾಯಿತು. ಇಂಥದೊಂದು ಮಾಹಿತಿ ಕಟ್ಟಲು ಊರೂರು ತಿರುಗಿದವರೇ ಈಗ ಅದಕ್ಕೆ ಬೀಗ ಹಾಕುತ್ತಿದ್ದಾರೆ ಎಂದು ಒಬ್ಬರು ಅಣಕಿಸಿದರು. ಮತಕ್ಕೆ ಹಾಕಿ ಎಂದರು ಮೇಡಂ. ಕೈ ಎತ್ತಿಸಿದಾಗ ನಿಯಮ ಕೂದಲೆಳೆಯ ಅಂತರದಲ್ಲಿ ಪಾಸಾಯಿತು. ಅಧ್ಯಕ್ಷರು ಆಮೇಲೆ ಅವರೊಡನೆ ಸರಿಯಾಗಿ ಮಾತಾಡಲಿಲ್ಲ. ಮರುವರ್ಷ ಮೇಡಂ ಅವರನ್ನು ಕಾರ್ಯದರ್ಶಿ ಸ್ಥಾನಕ್ಕೆ ಯಾರೂ ಸೂಚಿಸಲೂ ಇಲ್ಲ.

ನಾನು ಸಾಫ್ಟ್‌ವೇರಿಗೆ ಒಂದು ಪುಟ ಸೇರಿಸಿದೆ. 'ಕರೆತಂದವರನ್ನು ಕೇಳಿದಿರಾ?' ಎಂಬ ಪ್ರಶ್ನೆಗೆ ಉತ್ತರ ಕೊಡದೆ ಮುಂದಿನದು ತೆರೆಯುತ್ತಿರಲಿಲ್ಲ. ಮೇಡಂ ಮಕರ್‌ಪುರದ ಗಲ್ಲಿಗಳಲ್ಲಿ ಮನೆಮನೆಗೆ ಹೋಗಿ ಅದನ್ನು ವಿವರಿಸಿದರು. ಲೇತ್ ಕೆಲಸಗಾರ ಮೊದಲ ದಿನ ಬಾಗಿಲು ತೆರೆಯಲಿಲ್ಲ. ಕೆಲವು ವಾರಗಳ ಮೇಲೆ ಅವರ ಜೊತೆ ತಾನೂ ನಡೆದು, ಅಕ್ಕಪಕ್ಕದವರಿಗೆ, "ಇವರು ಕೇಳುತ್ತಾರೆ. ನೀವು ಬೇಡ ಅನ್ನಬಹುದು," ಎಂದು ಹೇಳಿದನಂತೆ. ನಾಯಿಗಳು ಮತ್ತೆ ಬರತೊಡಗಿದವು. ಅವನು ಬೇರೆ ನಾಯಿ ಸಾಕಲಿಲ್ಲ.

ಕಳೆದ ಬೇಸಿಗೆಯಲ್ಲಿ ಮೇಡಂ ತೀರಿಕೊಂಡರು. ಕಿಡ್ನಿ ಕೆಟ್ಟಿತ್ತು, ಡಯಾಲಿಸಿಸ್ ಇಲ್ಲದ ದಿನಗಳಲ್ಲಿ ಕ್ಲಿನಿಕ್ ತೆರೆದಿರುತ್ತಿತ್ತು. ಸಂಘದವರು ಸೂರತ್‌ನಲ್ಲಿ ಶ್ರದ್ಧಾಂಜಲಿ ಸಭೆ ಕರೆದು ಅವರನ್ನು ಹೊಗಳಿ ಮಾತಾಡಿದರು. ಚಹಾದ ಹೊತ್ತಿನಲ್ಲಿ ಹೊಸ ಕಾರ್ಯದರ್ಶಿ ನನ್ನ ಹತ್ತಿರ ಬಂದು, ಆ ಪ್ರಶ್ನೆಯ ಪುಟದಿಂದ ಶಿಬಿರದಲ್ಲಿ ಸಮಯ ಹಾಳಾಗುತ್ತದೆ, ಮುಂದಿನ ಅಪ್‌ಡೇಟಿನಲ್ಲಿ ತೆಗೆದುಬಿಡಿ, ಯಾರಿಗೂ ಗೊತ್ತಾಗುವುದಿಲ್ಲ ಎಂದರು.

ಗಿರಾಕಿ ಹೇಳಿದ್ದನ್ನು ಬರೆದುಕೊಂಡು ಹೋಗುವುದು ನನ್ನ ಕಸುಬು. ಅಷ್ಟು ವರ್ಷಗಳಲ್ಲಿ ಸಂಘದ ಯಾವ ಸಭೆಯಲ್ಲೂ ನಾನು ಅಭಿಪ್ರಾಯ ಹೇಳಿದವನಲ್ಲ.

"ಅದನ್ನು ನಾನು ತೆಗೆಯುವುದಿಲ್ಲ," ಎಂದೆ.