ಹೊಳೆ ಬಂದ ದಿನದ ವಾದ್ಯ

ನಮ್ಮೂರಿಗೆ ಪುರಸಭೆ ಬಂದಿತ್ತು, ಹೊಳೆಗೆ ಮಾತ್ರ ನೀರು ಬಂದಿರಲಿಲ್ಲ. ಶ್ರೀನಿವಾಸಪುರದಿಂದಾಚೆ, ಜಿಲ್ಲೆಯ ಉತ್ತರದ ತುದಿಯಲ್ಲಿ, ಆಂಧ್ರದ ಗಡಿಗೆ ಅಂಟಿಕೊಂಡ ಊರು. ಹೊಳೆಯೆಂದರೆ ನಮಗೆ ದನ ಮೇಯುವ ಜಾಗ. ಹಾಗಾಗಿ ಕಳೆದ ಮಳೆಗಾಲದಲ್ಲಿ ಮೇಲಿನ ಕೆರೆ ಕೋಡಿ ಹರಿದು ನೀರು ಬಂದಾಗ, ಅಧ್ಯಕ್ಷರು ಶಾಸ್ತ್ರೋಕ್ತವಾಗಿ ಬಾಗಿನ ಬಿಡಲು ವಾದ್ಯದವರನ್ನು ಕರೆಸಿದರು. ನಮ್ಮ ಚಿಕ್ಕಮ್ಮ ಖಾಲಿ ಬಕೆಟ್ ಹಿಡಿದು ಓಡಿಬಂದಳು.

ಅವಳ ತುಂಬುಗಬ್ಬದ ಹಸು ಹೊಳೆಯ ನಡುವಿನ ದಿಬ್ಬದ ಮೇಲೆ ಸಿಕ್ಕಿಕೊಂಡಿತ್ತು. ಹರಿಯುವ ನೀರನ್ನೇ ಕಂಡಿರದ ಪ್ರಾಣಿ, ಕಾಲಿಡಲು ಒಪ್ಪದು. ಈಜು ಬಲ್ಲವರು, ಹೊಳೆಯ ಘನತೆಗೆ ತಕ್ಕಂತೆ, ಊರಲ್ಲಿ ಒಬ್ಬರೂ ಇರಲಿಲ್ಲ. ದಿಬ್ಬ ಕಿರಿದಾಗುತ್ತಿತ್ತು.

ಚಿಕ್ಕಮ್ಮ ಬಕೆಟ್ ಬಡಿದು, "ದಾ ಅಮ್ಮಾ, ದಾ!" ಎಂದು ಕೂಗಿ ಕರೆದಳು. ನಮ್ಮಲ್ಲಿ ಪುರಸಭೆಯೊಡನೆ ಕನ್ನಡ, ಹಸುವಿನೊಡನೆ ತೆಲುಗು. ಡೋಲಿನ ಅಬ್ಬರದಲ್ಲಿ ಹಸುವಿಗೆ ಏನೂ ಕೇಳಿಸಲಿಲ್ಲ.

"ವಾದ್ಯ ನಿಲ್ಸಿ ಸ್ವಾಮಿ," ಎಂದೆ.

"ಗಂಗಮ್ಮ ಬಂದಿರೋ ಹೊತ್ತಲ್ಲಿ ನಿಲ್ಸಿದ್ರೆ ಅಪಶಕುನ ಕಣ್ರೀ," ಎಂದರು ಅಧ್ಯಕ್ಷರು.

"ಏನ್ಲಾ ಅಪಶಕುನ? ಗಂಗಮ್ಮ ಕಾಯ್ತಾಳೆ, ನನ್ ಹಸು ಕಾಯಲ್ಲ!" ಎಂದ ಚಿಕ್ಕಮ್ಮ ಡೋಲಿನ ಮೇಲೆ ಅಂಗೈ ಒತ್ತಿ ಹಿಡಿದಳು.

ಸದ್ದು ನಿಂತಿತು. ಅವಳು ಮತ್ತೆ ಬಕೆಟ್ ಬಡಿದಳು. ಹಸುವಿನ ಕಿವಿ ನಿಮಿರಿತು. ಸಂಜೆಯ ಬೂಸಾದ ಹೊತ್ತಾಯಿತೆಂದು ನಂಬಿ ಅದು ನೀರಿಗಿಳಿಯಿತು. ಹೊಟ್ಟೆ ಮುಳುಗಿತು, ಬೆನ್ನು ಮುಳುಗಿತು, ಮೂತಿಯೊಂದೇ ನಮ್ಮ ಕಡೆ ಬರುತ್ತಿತ್ತು. ಅದು ದಡ ಹತ್ತಿ ಮೈ ಕೊಡವಿದ ಮೇಲೆಯೇ ನಾವೆಲ್ಲ ಉಸಿರು ಬಿಟ್ಟದ್ದು.

ಹಸು ನೇರವಾಗಿ ಬಕೆಟ್ಟಿಗೆ ಬಾಯಿ ಹಾಕಿತು. ಅದರಲ್ಲಿ ಏನೂ ಇರಲಿಲ್ಲ. ಚಿಕ್ಕಮ್ಮ ಅಧ್ಯಕ್ಷರ ಕೈಯಲ್ಲಿದ್ದ ಬಾಗಿನದ ಮೊರದಿಂದ ಬಾಳೆಹಣ್ಣಿನ ಚಿಪ್ಪೆತ್ತಿ ಅದರ ಬಾಯಿಗಿಟ್ಟು, "ಇನ್ನ ಬಾರ್ಸ್ರಪ್ಪಾ," ಎಂದಳು.