ಭಾವನ ತಿರುವಿಗೆ ಒಗ್ಗದ ಎಂಜಿನ್ನು

ಬೀದಿಯವರೆಲ್ಲ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಹಲ್ಲು ಕೀಳುವವಳಲ್ಲ, ಕಟ್ಟುವವಳು. ದಂತವೈದ್ಯರು ಕಳಿಸುವ ಅಚ್ಚುಗಳನ್ನು ಮುಂದಿಟ್ಟುಕೊಂಡು, ಮೇಣದಲ್ಲಿ ತಿದ್ದಿ, ಎರಕ ಹೊಯ್ದು, ಅರದಿಂದ ಉಜ್ಜಿ, ಯಾರದೋ ಬಾಯಿಗೆ ಹೊಂದುವ ಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕಸುಬು. ಹರೆಯದಲ್ಲಿ ಹಿಡಿದ ಕೆಲಸ. ಕೂದಲು ನರೆತರೂ ಅದೇ ಮೇಜು, ಅದೇ ಕಿಟಕಿ. ಮದುವೆ ಯಾಕೆ ಮಾಡಿಕೊಳ್ಳಲಿಲ್ಲ ಎಂದು ಕೇಳಿದವರಿಗೆ, "ಗಂಡಸರನ್ನ ನೋಡಿದ್ರೆ ನಂಗೆ ಮೊದಲು ಹಲ್ಲೇ ಕಾಣ್ಸುತ್ತೆ. ಆಮೇಲೆ ಮುಂದಕ್ಕೆ ನೋಡೋಕೆ ಮನಸ್ಸು ಬರಲ್ಲ" ಎನ್ನುತ್ತಿದ್ದಳು. ಈ ಕೆಲಸದಲ್ಲಿ ಅವಳನ್ನು ಒಳಗೊಳಗೇ ಕೊರೆಯುತ್ತಿದ್ದ ಸಂಗತಿ ಬೇರೆಯೇ. ಹಲ್ಲು ಸರಿಯಾಗಿ ಕೂತರೆ ಅದನ್ನು ಯಾರೋ ಮಾಡಿದ್ದಾರೆ ಎಂಬುದೇ ಹಾಕಿಕೊಂಡವರಿಗೆ ಮರೆತುಹೋಗುತ್ತದೆ. ಚೂರು ಚುಚ್ಚಿದರೆ ಮಾತ್ರ ಅದೇ ಸಂಜೆ ವಾಪಸ್ಸು.

ಇಂಥವಳನ್ನು ರೈಲಿನ ಹುಚ್ಚಿಗೆ ಎಳೆದವಳು ಅವಳ ಅಕ್ಕ. ಭಾವ ಅಚ್ಚಿನ ಮನೆಯಲ್ಲಿ ಕರಡು ತಿದ್ದುವವನು. ಮೊಸರಿನಲ್ಲಿ ಕಲ್ಲು ಹುಡುಕುವುದಕ್ಕೇ ಸಂಬಳ ತೆಗೆದುಕೊಳ್ಳುವ ಮನುಷ್ಯ. ಒಮ್ಮೆ ಊರಿನ ಇತಿಹಾಸದ ಪುಸ್ತಕವೊಂದರ ಕರಡು ನೋಡುವಾಗ, ಸುಣ್ಣದಕಲ್ಲಿನ ಗಣಿಯಿಂದ ದೋಣಿಕಟ್ಟೆಯವರೆಗೆ ಹಿಂದೆ ಓಡುತ್ತಿದ್ದ ಚಿಕ್ಕ ರೈಲಿನ ನಿಲ್ದಾಣಗಳ ಸಾಲು ಹಿಂದುಮುಂದಾಗಿದೆ ಎಂದು ಅವನಿಗೆ ಅನುಮಾನ ಬಂತು. ಪರೀಕ್ಷಿಸಲು ಹಳೆಯ ನಕ್ಷೆ ಹುಡುಕಿದ. ನಕ್ಷೆ ಸಿಕ್ಕಮೇಲೆ ಫೋಟೋ ಹುಡುಕಿದ. ಆಮೇಲೆ ಹಿಂಬದಿಯ ಕೋಣೆಯಲ್ಲಿ ಮೇಜು ಜೋಡಿಸಿ, ಆ ರೈಲುದಾರಿಯನ್ನೇ ಪುಟ್ಟದಾಗಿ ಕಟ್ಟತೊಡಗಿದ. ಹಳಿಯ ಕೆಳಗಿನ ಮರದ ಪಟ್ಟಿಗಳನ್ನು ಬೆಂಕಿಕಡ್ಡಿಯಷ್ಟು ಸಣ್ಣಗೆ ಸೀಳಿ, ಒಂದೊಂದಕ್ಕೂ ಬೇರೆ ಬೇರೆ ಬಣ್ಣ ಬಳಿದ. ನಿಜವಾದ ಹಳಿಗಳನ್ನು ಕಿತ್ತು ಎಷ್ಟೋ ಕಾಲವಾಗಿತ್ತು.

"ದಾರಿ ಇದೆ, ಓಡೋಕೆ ರೈಲಿಲ್ಲ. ಅವ್ರ ಮುಖ ನೋಡೋಕಾಗಲ್ಲ ಕಣೇ. ನಿನ್ನ ಕೈ ಚೆನ್ನಾಗಿದೆ, ಒಂದು ಡಬ್ಬಿ ಮಾಡ್ಕೊಡು, ಸುಮ್ನಾಗ್ತಾರೆ" ಎಂದು ಅಕ್ಕ ಬೇಡಿಕೊಂಡಳು.

ಒಂದು ಡಬ್ಬಿಯಲ್ಲಿ ಸುಮ್ಮನಾಗುವ ಆಸಾಮಿ ಅವನಲ್ಲ. ಮುಗಿಸಿ ಎದ್ದುಬಿಡುವ ಆಸಾಮಿ ಇವಳೂ ಅಲ್ಲ. ಮೊದಲ ಬೋಗಿಯ ಬೆಂಚುಗಳನ್ನು ಹಲ್ಲಿನ ವಸಡಿಗೆ ಬಳಸುವ ಗುಲಾಬಿ ಪ್ಲಾಸ್ಟಿಕ್ಕಿನಲ್ಲೇ ಮಾಡಿ ಮೇಲೆ ಕಂದು ಬಣ್ಣ ಹೊಡೆದಳು. ಕಿಟಕಿಯ ಚೌಕಟ್ಟು ಕೊರೆಯುವಾಗ, ಈ ವಸ್ತು ಯಾರ ಬಾಯಿಯೊಳಕ್ಕೂ ಹೋಗದೆ ಎಲ್ಲರ ಕಣ್ಣಿಗೂ ಬೀಳುತ್ತದಲ್ಲ ಎಂದು ಅವಳಿಗೆ ಎಂದೂ ಇಲ್ಲದ ಸಂತೋಷವಾಯಿತು. ಭಾನುವಾರ ತಂದು ಹಳಿಯ ಮೇಲಿಟ್ಟಳು. ಭಾವ ಭೂತಗನ್ನಡಿ ಹಿಡಿದು ಬಗ್ಗಿ ಈ ತುದಿಯಿಂದ ಆ ತುದಿಯವರೆಗೆ ನೋಡಿದ.

"ಬಾಗಿಲ ಹಿಡಿ ಎಡಗಡೆ ಬರ್ಬೇಕು" ಎಂದ.

ಅಲ್ಲಿಂದ ಹೀಗೆಯೇ ನಡೆಯಿತು. ಸಾಮಾನಿನ ಗಾಡಿಗೆ ಮೊಳೆಯ ತಲೆ ದಪ್ಪವಾಯಿತು ಎಂದ. ಗಾರ್ಡಿನ ಡಬ್ಬಿಗೆ ದೀಪ ಸೊಟ್ಟ ಎಂದ. ಪ್ರತಿ ಸಲವೂ ಅವಳು ಮನೆಗೆ ಹೋಗುವ ದಾರಿಯುದ್ದಕ್ಕೂ ಅವನನ್ನು ಬೈದು, ಮೇಜಿನ ಮುಂದೆ ಕೂತು ತಿದ್ದುತ್ತಿದ್ದಳು.

ಕೊನೆಗೆ ಎಂಜಿನ್ನಿಗೆ ಕೈ ಹಾಕಿದಳು. ಆ ದಾರಿಯಲ್ಲಿ ಓಡುತ್ತಿದ್ದ ಎಂಜಿನ್ನಿಗೆ ಜನ ಕರಿಮೇಕೆ ಎಂದು ಹೆಸರಿಟ್ಟಿದ್ದರಂತೆ. ಏರು ಬಂದರೆ ನಿಂತು ತಲೆ ಕೊಡವುತ್ತಿತ್ತಂತೆ. ಹಿತ್ತಾಳೆ ತಗಡನ್ನು ಕತ್ತರಿಸಿ ಬಾಗಿಸಿ ಬಾಯ್ಲರು ಮಾಡಿ, ಒಳಗೆ ಪುಟ್ಟ ಮೋಟರು ಕೂರಿಸಿದಳು. ಹೊಗೆಕೊಳವೆಯನ್ನು ಮೇಣದಲ್ಲಿ ಕೆತ್ತಿ, ಹಲ್ಲಿನ ಲೋಹದಲ್ಲೇ ಎರಕ ಹೊಯ್ದಳು. ಎಲ್ಲಕ್ಕಿಂತ ಗೋಳು ಹೊಯ್ದುಕೊಂಡದ್ದು ಗಾಲಿಗಳು. ಮಗ್ಗುಲಿಗೆ ಮೂರರಂತೆ ಆರು ಗಾಲಿ, ಒಂದೊಂದರಲ್ಲೂ ಸೂಜಿಯಷ್ಟು ಸಣ್ಣ ಕಡ್ಡಿಗಳು, ಹಳಿಯಿಂದ ಜಾರದಂತೆ ಒಳಬದಿಯಲ್ಲಿ ಉಬ್ಬಿದ ಅಂಚು. ಮೇಣದ ಕಡ್ಡಿ ಮುರಿಯಿತು, ಎರಕದಲ್ಲಿ ಗುಳ್ಳೆ ಎದ್ದಿತು, ದುಂಡಗೆ ಉಜ್ಜುವಾಗ ಒಂದು ಗಾಲಿ ಕೈತಪ್ಪಿ ಹಾರಿ ಕಿಟಕಿಯಾಚೆ ಬಿತ್ತು. ಸಿಗಲೇ ಇಲ್ಲ. ಒಂದು ಚಳಿಗಾಲವೆಲ್ಲ ಗಾಲಿಗಳಲ್ಲೇ ಕಳೆಯಿತು.

ಕರಿಮೇಕೆ ಭಾವನ ಮೇಜಿನ ಮೇಲೆ ನೆಟ್ಟಗಿನ ಹಳಿಯಲ್ಲಿ ಸಲೀಸಾಗಿ ಓಡಿತು. ಸೇತುವೆ ದಾಟಿತು. ಕೋಣೆಯ ಮೂಲೆಯ ತಿರುವಿಗೆ ಬಂದದ್ದೇ ಗಕ್ಕನೆ ಹಳಿ ಬಿಟ್ಟು ಮಗ್ಗುಲಾಯಿತು. ಎತ್ತಿಟ್ಟಳು. ಮತ್ತೆ ಬಿತ್ತು. ನಿಧಾನಕ್ಕೆ ಬಿಟ್ಟರೂ ಬಿತ್ತು, ಜೋರಾಗಿ ಬಿಟ್ಟರೂ ಬಿತ್ತು.

"ಗಾಲಿ ಸರಿಯಿಲ್ಲ" ಎಂದ ಭಾವ.

"ಗಾಲಿ ಸರಿಯಾಗಿದೆ. ನಿಮ್ಮ ತಿರುವೇ ಬಿಗಿ. ಉದ್ದ ಎಂಜಿನ್ನು ಇಷ್ಟು ಗಿಡ್ಡ ತಿರುವಲ್ಲಿ ಹೇಗೆ ಬಾಗುತ್ತೆ?"

"ನಕ್ಷೆಯಲ್ಲಿ ಇದ್ದ ಹಾಗೇ ಹಾಕಿದೀನಿ."

"ನಕ್ಷೆಯಲ್ಲಿ ಗೋಡೆ ಇತ್ತಾ ಭಾವ? ಕೋಣೆ ಸಾಲ್ದೆ ಇದ್ದಿದ್ದಕ್ಕೆ ನೀವು ಊರನ್ನೇ ಮಡಚಿ ಇಟ್ಟಿದ್ದೀರಿ."

ಅದು ನಿಜವೆಂದು ಅವನಿಗೂ ಗೊತ್ತಿತ್ತು. ಆದರೂ ಭೂತಗನ್ನಡಿಯನ್ನು ಒರೆಸುತ್ತ, "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದುಬಿಟ್ಟ.

ಹಲ್ಲಕ್ಕ ಎಂಜಿನ್ನನ್ನು ಹತ್ತಿಯಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡು ಹೊರಟಳು. ಅಕ್ಕ ಬಾಗಿಲಲ್ಲಿ ಚಹಾ ಹಿಡಿದು ನಿಂತಿದ್ದಳು, ಅದನ್ನೂ ಮುಟ್ಟಲಿಲ್ಲ. ಮುಂದಿನ ಭಾನುವಾರ ಹೋಗಲಿಲ್ಲ. ಅದರ ಮುಂದಿನದಕ್ಕೂ ಹೋಗಲಿಲ್ಲ.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನೇ ಅವಳ ಮನೆಗೆ ಬಂದಳು. "ಅವರು ಬಾಗಿಲು ಹಾಕ್ಕೊಂಡು ಒಳಗೆ ಏನೋ ಕುಟ್ತಾ ಇರ್ತಾರೆ. ಕೇಳಿದ್ರೆ ಹೇಳಲ್ಲ. ನೀನಾದ್ರೂ ಸ್ವಲ್ಪ ಸೋಲೇ. ದೊಡ್ಡವರು ಮೊದಲು ಬರಲಿ ಅಂತ ಕೂತ್ರೆ ಆಗುತ್ತಾ?"

ಸೋಲುವುದೆಂದರೆ ಹೇಗೆಂದು ಹಲ್ಲಕ್ಕನಿಗೆ ಮೊದಲಿನಿಂದಲೂ ಗೊತ್ತಿತ್ತು. ನಡುವಿನ ಎರಡು ಗಾಲಿಗಳ ಅಂಚನ್ನು ಉಜ್ಜಿ ತೆಗೆದುಬಿಟ್ಟರೆ ಎಂಜಿನ್ನು ಎಂಥ ಬಿಗಿ ತಿರುವಿನಲ್ಲೂ ನುಸುಳುತ್ತದೆ. ಆದರೆ ಹಾಗೆ ಮಾಡಿದರೆ ಅದು ಕರಿಮೇಕೆಯಲ್ಲ. ಬಾಯಿಗೆ ಹೊಂದಲಿಲ್ಲವೆಂದು ಒಳ್ಳೆಯ ಹಲ್ಲನ್ನು ತೇಯ್ದು ಮೊಂಡು ಮಾಡಿದಂತೆ. ಅಕ್ಕ ಹೋದ ಮೇಲೆ ಸುಮಾರು ಹೊತ್ತು ಗಾಲಿಗಳನ್ನು ನೋಡುತ್ತ ಕೂತಳು. ಆಮೇಲೆ ಉಜ್ಜುವ ಮೋಟರು ಹಾಕಿದಳು. ಚಳಿಗಾಲವೆಲ್ಲ ಮಾಡಿದ್ದು ಚಹಾ ಆರುವಷ್ಟರಲ್ಲಿ ಪುಡಿಯಾಗಿ ಮೇಜಿನ ಮೇಲೆ ಉದುರಿತು.

ಭಾನುವಾರ ಭಾವನ ಕೋಣೆಯ ಬಾಗಿಲು ತೆರೆದೇ ಇತ್ತು. ಒಳಗೆ ಹೋದವಳು ಹೊಸ್ತಿಲಲ್ಲೇ ನಿಂತಳು. ಮೂಲೆಯ ತಿರುವು ಅಲ್ಲಿರಲಿಲ್ಲ. ಗೋಡೆಯಲ್ಲಿ ಬೆಕ್ಕು ನುಸುಳುವಷ್ಟು ಅಗಲದ ತೂತು, ಅದರೊಳಕ್ಕೆ ಹಳಿ ಹೋಗಿತ್ತು. ಪಕ್ಕದ ಕೋಣೆಗೆ ಹೋಗಿ ನೋಡಿದರೆ ಅಕ್ಕ ಅಪರೂಪಕ್ಕೆ ತೆರೆಯುವ ತನ್ನ ಬಟ್ಟೆ ಬೀರುವಿನ ಕೆಳಖಾನೆಯೊಳಗಿಂದ ಹಳಿ ದೊಡ್ಡದಾಗಿ ಬಳಸಿ, ಇನ್ನೊಂದು ತೂತಿನಿಂದ ವಾಪಸ್ಸು ಬಂದಿತ್ತು. ಭಾವನ ಹುಬ್ಬಿನ ಮೇಲೆಲ್ಲ ಸುಣ್ಣದ ಧೂಳು.

"ಈಗ ನಕ್ಷೆಯ ಅಳತೆಗೆ ಸರಿಯಾಯ್ತು. ಬಿಡು ನೋಡೋಣ" ಎಂದ. ಕ್ಷಮೆ ಕೇಳುವುದೆಂದರೆ ಅವನಲ್ಲಿ ಅಷ್ಟೇ.

ಅವಳು ಎಂಜಿನ್ನನ್ನು ಕೊಡದೆ ಹಿಡಿದುಕೊಂಡೇ ನಿಂತಳು. ಅವನೇ ತೆಗೆದುಕೊಂಡು, ಅಭ್ಯಾಸದಂತೆ ತಿರುಗಿಸಿ ನೋಡಿ, ಭೂತಗನ್ನಡಿ ತಂದು ಮತ್ತೆ ನೋಡಿದ.

"ಉಜ್ಜಿಬಿಟ್ಯಾ?"

"ಉಜ್ಜಿದೆ."

"ನನ್ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

"ನೀವು ಗೋಡೆ ಒಡೆಯೋಕೆ ಮುಂಚೆ ನನ್ನನ್ನ ಒಂದು ಮಾತು ಕೇಳಿದ್ರಾ?"

"ನನ್ನನ್ನ ಇಬ್ಬರೂ ಕೇಳ್ಲಿಲ್ಲ. ಬೀರು ನಂದು" ಎಂದಳು ಅಕ್ಕ ಬಾಗಿಲಿಂದ. ಬೀರುವಿನ ಸ್ಥಿತಿ ಅವಳು ಕಂಡದ್ದು ಆಗಲೇ. ಸಿಟ್ಟು ಮಾಡಬೇಕೋ ನಗಬೇಕೋ ತಿಳಿಯದೆ, "ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ. ಅದೂ ಹಲ್ಲು ಮಾಡೋಳ ಅಕ್ಕನ ಮನೇಲೇ" ಎಂದು ನಕ್ಕೇಬಿಟ್ಟಳು.

ಆ ನಗುವೇ ಹಲ್ಲಕ್ಕನ ತಾಳ್ಮೆ ಕೆಡಿಸಿತು. ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಹೊರಬಂತು. "ಒಂದು ಬೋಗಿ ಅಲ್ಲ, ಎರಡಲ್ಲ. ಒಂದಕ್ಕಾದ್ರೂ ಚೆನ್ನಾಗಿದೆ ಅಂದಿದೀರಾ ಭಾವ? ಬಾಯ್ತಪ್ಪಿಯಾದ್ರೂ?"

ಭಾವ ನಿಜಕ್ಕೂ ಗಲಿಬಿಲಿಗೊಂಡ. ಇಂಥ ಪ್ರಶ್ನೆ ಬರಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. "ಕರಡಿನಲ್ಲಿ ಸರಿ ಇರೋದಕ್ಕೆ ಗುರುತು ಹಾಕಲ್ವಲ್ಲಮ್ಮ" ಎಂದ ಮೆಲ್ಲಗೆ. "ತಪ್ಪಿಗೆ ಮಾತ್ರ ಹಾಕೋದು. ಗುರುತಿಲ್ಲ ಅಂದ್ರೆ ಎಲ್ಲ ಚೆನ್ನಾಗಿದೆ ಅಂತಾನೇ."

"ನಾನು ನಿಮ್ಮ ಕರಡಲ್ಲ" ಎಂದಳು ಹಲ್ಲಕ್ಕ.

ಹೊಸ ಗಾಲಿಗಳಿಗೆ ಮತ್ತೊಂದು ಚಳಿಗಾಲ ಹಿಡಿಯಿತು. ಯಾಕೆ ಮಾಡುತ್ತಿದ್ದೀಯ ಎಂದು ಯಾರಾದರೂ ಕೇಳಿದ್ದರೆ, ಗೋಡೆ ಒಡೆದಾಗಿದೆ, ಬಿಟ್ಟರೆ ಆಗುತ್ತದೆಯೇ ಎನ್ನುತ್ತಿದ್ದಳೇನೋ. ಅಂತೂ ಒಂದು ಭಾನುವಾರ ಕರಿಮೇಕೆ ಬೋಗಿಗಳನ್ನೆಲ್ಲ ಎಳೆದುಕೊಂಡು ಸೇತುವೆ ದಾಟಿ, ಗೋಡೆಯೊಳಕ್ಕೆ ನುಗ್ಗಿ, ಬೀರುವಿನೊಳಗೆ ಸದ್ದು ಮಾಡುತ್ತ ಸುತ್ತಿ, ಆ ಕಡೆಯಿಂದ ಹಳಿ ತಪ್ಪದೆ ಹೊರಬಂತು.

"ಎಷ್ಟು ಚೆನ್ನಾಗಿದೆ ಕಣೇ" ಎಂದಳು ಅಕ್ಕ, ಮಡಚಿದ ಬಟ್ಟೆಗಳನ್ನು ಎದೆಗೊತ್ತಿಕೊಂಡು.

ಹಲ್ಲಕ್ಕ ಭಾವನ ಕಡೆ ನೋಡಿದಳು. ಅವನು ಭೂತಗನ್ನಡಿ ಹಿಡಿದು, ರೈಲಿನ ಇನ್ನೊಂದು ಸುತ್ತನ್ನು ಬಗ್ಗಿ ನೋಡಿದ. ತುಟಿ ಒಮ್ಮೆ ಅಲುಗಿತು. ಅವಳು ಕಾದಳು.

"ಗಾರ್ಡಿನ ಡಬ್ಬಿಯ ಮೆಟ್ಟಿಲು ಒಂದು ಕೂದಲೆಳೆ ಕೆಳಗಿದೆ" ಎಂದ.

ಅವಳು ಡಬ್ಬಿಯನ್ನು ಕಿತ್ತುಕೊಂಡವಳಂತೆ ಎತ್ತಿಕೊಂಡು ಮನೆಗೆ ಬಂದಳು. ಮೇಜಿನ ದೀಪ ಹಾಕಿ, ಫೋಟೋ ಪಕ್ಕಕ್ಕಿಟ್ಟು, ಹಲ್ಲಿನ ದಪ್ಪ ನೋಡುವ ಸಾಧನದಿಂದ ಅಳೆದಳು. ಇನ್ನೊಮ್ಮೆ ಅಳೆದಳು. ಅವನು ಹೇಳಿದ್ದೇ ಸರಿಯಾಗಿತ್ತು. ಅದೇ ಅವಳಿಗೆ ಎಲ್ಲಕ್ಕಿಂತ ಹೆಚ್ಚು ಸಿಟ್ಟು ತರಿಸಿತು.